ಹೈಡ್ರಾ ಕತ್ತರಿಸಿದ ಮನೆ ಮೇಷ್ಟ್ರು

ಹೈಡ್ರಾ ಅಂದ್ರೆ ಪಿಯುಸಿ ಬಯಾಲಜಿ ಓದಿದವರಿಗೆಲ್ಲ ಎರಡು ಮಾರ್ಕ್ಸಿನ ಪ್ರಶ್ನೆ: ಕತ್ತರಿಸಿದರೆ ಮತ್ತೆ ಬೆಳೆಯುತ್ತೆ, ಅಷ್ಟೇ. ಅದನ್ನು ಮೊದಲು ಕತ್ತರಿಸಿ ನೋಡಿದ ಅಬ್ರಹಾಂ ಟ್ರೆಂಬ್ಲಿ ಯಾವ ಲ್ಯಾಬಿನಲ್ಲೂ ಕೆಲಸಕ್ಕಿರಲಿಲ್ಲ. ಅವರು ಮಕ್ಕಳಿಗೆ ಪಾಠ ಹೇಳುವ ಮನೆ ಮೇಷ್ಟ್ರು.

ಹುಟ್ಟಿದ್ದು 1710ರಲ್ಲಿ, ಜಿನೀವಾದಲ್ಲಿ. ಓದಿದ್ದು ಗಣಿತ, ಅದರಲ್ಲೂ ನಮ್ಮನ್ನು ಇವತ್ತಿಗೂ ಕಾಡೋ ಕ್ಯಾಲ್ಕುಲಸ್. ಇಪ್ಪತ್ತು ದಾಟುತ್ತಲೇ ಊರು ಬಿಟ್ಟು ಹಾಲೆಂಡಿಗೆ ಹೋದರು. ಹೇಗ್ ನಗರದ ಹತ್ತಿರ ಕೌಂಟ್ ಬೆಂಟಿಂಕ್ ಅವರ ಎಸ್ಟೇಟಿನಲ್ಲಿ ಇಬ್ಬರು ಹುಡುಗರಿಗೆ ಪಾಠ ಹೇಳುವ ಕೆಲಸ ಸಿಕ್ಕಿತು.

1740ರ ಬೇಸಿಗೆಯಲ್ಲಿ ಹಳ್ಳದ ನೀರು ತಂದು ಗಾಜಿನ ಜಾಡಿಯಲ್ಲಿಟ್ಟು ನೋಡುವಾಗ, ನೀರಿನ ಗಿಡಕ್ಕೆ ಅಂಟಿಕೊಂಡ ಹಸಿರು ಎಳೆಗಳು ಕಂಡವು. ಬಣ್ಣ ನೋಡಿ ಗಿಡ ಅಂದುಕೊಂಡರು. ಜಾಡಿ ಅಲ್ಲಾಡಿಸಿದರೆ ಎಳೆಗಳು ಮುದುಡಿಕೊಂಡವು! ಕಣ್ಣೇ ಇಲ್ಲದಿದ್ದರೂ ಬೆಳಕಿನ ಕಡೆಗೆ ನಿಧಾನವಾಗಿ ನಡೆದವು. ಹಾಗಾದ್ರೆ ಪ್ರಾಣಿನಾ? ಆದರೆ ತೋಳುಗಳ ಲೆಕ್ಕ ಒಂದೊಂದಕ್ಕೆ ಒಂದೊಂದು ಥರ, ಗಿಡದ ಕೊಂಬೆಗಳ ಹಾಗೆ.

ಅವರ ಟೆಸ್ಟ್ ಸರಳ. ಕತ್ತರಿಸಿದ ಎರಡೂ ತುಂಡು ಬದುಕಿದರೆ ಗಿಡ, ಸತ್ತರೆ ಪ್ರಾಣಿ. ನವೆಂಬರ್‌ನಲ್ಲಿ ಕತ್ತರಿಸಿದರು. ಎರಡೂ ಬದುಕಿದವು, ಸ್ವಲ್ಪ ದಿನದಲ್ಲೇ ಎರಡೂ ಪೂರ್ತಿ ಹೈಡ್ರಾ ಆದವು. ಲೆಕ್ಕದ ಪ್ರಕಾರ ಗಿಡ ಅಂತ ಬರೆದು ಮುಗಿಸಬಹುದಿತ್ತು. ಅವರು ಮುಗಿಸಲಿಲ್ಲ, ಯಾಕಂದ್ರೆ ಅದು ನಡೆಯುತ್ತಿತ್ತು, ಆಮೇಲೆ ಹುಳ ಹಿಡಿದು ತಿನ್ನುವುದನ್ನೂ ನೋಡಿದರು. ನನಗೆ ಅವರಲ್ಲಿ ತುಂಬಾ ಇಷ್ಟವಾಗೋದು ಇದೇ. ತಾವೇ ಮಾಡಿಕೊಂಡ ಟೆಸ್ಟನ್ನೂ ಅವರು ಪೂರ್ತಿ ನಂಬಲಿಲ್ಲ.

ಪ್ಯಾರಿಸ್ಸಿನ ದೊಡ್ಡ ವಿಜ್ಞಾನಿ ರೆಯೋಮ್ಯೂರ್‌ಗೆ ಕಳಿಸಿದ ಮೊದಲ ಬಾಟಲಿಯ ಬಾಯಿಗೆ ಗಾಳಿಯಾಡದಂತೆ ಅರಗು ಮೆತ್ತಿದ್ದರು, ದಾರಿಯಲ್ಲೇ ಎಲ್ಲಾ ಸತ್ತವು. ಎರಡನೇ ಸಲ ಜೀವಂತ ತಲುಪಿದವು. ಅವರೂ ಕತ್ತರಿಸಿ ನೋಡಿ ಇದು ಪ್ರಾಣಿಯೇ ಅಂದರು. ಯೂರೋಪಿನಲ್ಲಿ ಗಲಾಟೆ ಶುರು: ಒಂದು ಪ್ರಾಣಿ ಎರಡಾದರೆ ಅದರ ಆತ್ಮ ಎಲ್ಲಿಗೆ ಹೋಯಿತು? 1743ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟಿತು. ಮರುವರ್ಷ ಪುಸ್ತಕ ಬಂತು. ಅದರಲ್ಲಿ ಹೈಡ್ರಾವನ್ನು ಕಾಲುಚೀಲದ ಥರ ಒಳಹೊರಗು ಮಾಡಿದ ಪ್ರಯೋಗವೂ ಇದೆ!

ಒಂದು ಪ್ರಶ್ನೆ ಮಾತ್ರ ಉಳಿಯಿತು. ಕೆಳಗಿನ ತುಂಡಿನ ಮೇಲ್ತುದಿಯಲ್ಲೇ ತಲೆ ಬರಬೇಕು ಅಂತ ಅದಕ್ಕೆ ಹೇಳಿದ್ದು ಯಾರು? ಜೀವಕೋಶ ಸಿದ್ಧಾಂತ ಬರೋಕೇ ಇನ್ನೂ ಸುಮಾರು ನೂರು ವರ್ಷ ಇತ್ತು, ಟ್ರೆಂಬ್ಲಿ ಅವರಿಗೆ ಇದು ಸಿಗುವ ಹಾಗೇ ಇರಲಿಲ್ಲ. 2000ನೇ ಇಸವಿಯಲ್ಲಿ ಒಂದು ಸುಳಿವು ಸಿಕ್ಕಿತು: ಹೈಡ್ರಾದ ತಲೆಯ ತುದಿಯ ಕೋಶಗಳು 'ವಿಂಟ್' ಅನ್ನೋ ಪ್ರೋಟೀನ್ ಮಾಡುತ್ತವೆ, ತಲೆ ಕತ್ತರಿಸಿದರೆ ಹೊಸ ತಲೆ ಬರುವ ಜಾಗದಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತೆ. ಪಕ್ಕದ ಕೋಶದ ಮೇಲಿನ 'ಫ್ರಿಜಲ್ಡ್' ಅನ್ನೋ ರಿಸೆಪ್ಟರ್ ಆ ಸಿಗ್ನಲ್ ಹಿಡಿಯುತ್ತೆ. ಆಗ ಒಳಗೆ ಸದಾ ನಾಶವಾಗುತ್ತಿದ್ದ ಬೀಟಾ-ಕ್ಯಾಟೆನಿನ್ ಉಳಿದುಕೊಂಡು, ನ್ಯೂಕ್ಲಿಯಸ್ಸಿಗೆ ಹೋಗಿ ಜೀನ್‌ಗಳನ್ನು ಆನ್ ಮಾಡುತ್ತೆ.

ಇದೇ ವ್ಯವಸ್ಥೆ ನಮ್ಮ ದೇಹದಲ್ಲೂ ಇದೆ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗೋದು ಇದರಿಂದಲೇ, ಇದು ಹದ ತಪ್ಪಿದರೆ ಕರುಳಿನ ಕ್ಯಾನ್ಸರ್ ಬರಬಹುದು. ಸ್ಪಂಜಿನಲ್ಲೂ ವಿಂಟ್ ಇದೆ. ಆದರೆ ಪ್ರಾಣಿಗಳ ಹತ್ತಿರದ ಏಕಕೋಶ ಸಂಬಂಧಿ ಕೋಯನೋಫ್ಲಾಜೆಲೇಟ್‌ಗಳಲ್ಲಿ ಇಲ್ಲ. ಅಂದ್ರೆ ಕೋಶಗಳು ಒಟ್ಟಿಗೆ ಸೇರಿ ಪ್ರಾಣಿ ಆಗುವ ಹೊತ್ತಿಗೆ ಹುಟ್ಟಿಕೊಂಡ ಭಾಷೆ ಇದು ಅಂತ ಕಾಣುತ್ತೆ.

ಟ್ರೆಂಬ್ಲಿ ಆಮೇಲೆ ಹೈಡ್ರಾ ಕಡೆ ಹೆಚ್ಚು ಬರಲಿಲ್ಲ. ಇಂಗ್ಲೆಂಡಿನ ರಿಚ್ಮಂಡ್ ಡ್ಯೂಕ್‌ನ ಮಗನಿಗೆ ಮೇಷ್ಟ್ರಾದರು, ಜಿನೀವಾಕ್ಕೆ ವಾಪಸ್ ಬಂದು 1757ರಲ್ಲಿ ಮದುವೆಯಾದರು. ಮಕ್ಕಳಿಗೆ ಹೇಗೆ ಕಲಿಸಬೇಕು ಅಂತ ಪುಸ್ತಕಗಳನ್ನು ಬರೆದರು. ತೀರಿಕೊಂಡಿದ್ದು 1784ರಲ್ಲಿ.