ಸ್ಟೀವ್ ಮೆಕ್ವೀನ್‌ನ ಹಸಿರು ಜಾಗ್ವಾರ್

ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಹುಟ್ಟಿದ್ದು 1930ರಲ್ಲಿ, ಇಂಡಿಯಾನಾ ರಾಜ್ಯದಲ್ಲಿ. ಕೂಸಾಗಿದ್ದಾಗಲೇ ಅಪ್ಪ ಬಿಟ್ಟುಹೋದ. ಪುಂಡಾಟ ಜಾಸ್ತಿಯಾಗಿ, ಹದಿಹರೆಯದಲ್ಲಿ ಕ್ಯಾಲಿಫೋರ್ನಿಯಾದ ಬಾಯ್ಸ್ ರಿಪಬ್ಲಿಕ್ ಅನ್ನೋ ಸುಧಾರಣಾ ಶಾಲೆ ಸೇರಬೇಕಾಯಿತು.

ಸಿನಿಮಾದಲ್ಲಿ ದುಡ್ಡು ಬಂದದ್ದೇ ತಡ, ಪೋರ್ಶೆ, ಲೋಟಸ್, ಫೆರಾರಿ ಅಂತ ಒಂದೊಂದೇ ಮನೆಗೆ ಬಂದವು. ಆದರೆ ಜೀವ ಇದ್ದದ್ದು ಜಾಗ್ವಾರ್ ಎಕ್ಸ್‌ಕೆಎಸ್‌ಎಸ್ ಮೇಲೆ. ಡಿ-ಟೈಪ್ ಅನ್ನೋ ರೇಸ್ ಕಾರನ್ನೇ ರಸ್ತೆಗೆ ಒಗ್ಗಿಸಿ ಮಾಡಿದ ಗಾಡಿ ಅದು. 1957ರಲ್ಲಿ ಇಂಗ್ಲೆಂಡಿನ ಕಾರ್ಖಾನೆಗೆ ಬೆಂಕಿ ಬಿದ್ದು, ಆಗ ಹೊರಬಂದದ್ದು ಬರೀ 16. ಇಂಥದ್ದು ಸಿಕ್ಕರೆ ನಾವಾದರೆ ಬಟ್ಟೆ ಮುಚ್ಚಿ ಪೂಜೆ ಮಾಡ್ತಿದ್ವಿ! ಈತ ಬಿಳಿ ಬಣ್ಣ ತೆಗೆಸಿ ಹಸಿರು ಬಳಿಸಿ, ಲಾಸ್ ಏಂಜಲೀಸ್ ಗುಡ್ಡಗಳ ತಿರುವುಗಳಲ್ಲಿ ಓಡಿಸುತ್ತಿದ್ದ. ಒಮ್ಮೆ ನೆವಾಡಾದ ಸಂಗ್ರಹಕಾರರೊಬ್ಬರಿಗೆ ಮಾರಿದ; ಮನಸ್ಸು ತಡೆಯದೆ 1970ರ ದಶಕದಲ್ಲಿ ವಾಪಸ್ ಕೊಂಡ.

ಶೋಕಿಗಷ್ಟೇ ಅನ್ನುವವರು 1970ರ ಸೀಬ್ರಿಂಗ್ 12 ಗಂಟೆ ರೇಸ್ ನೋಡಬೇಕು. ಬೈಕಿಂದ ಬಿದ್ದು ಮುರಿದ ಎಡಗಾಲಿಗೆ ಪ್ಲಾಸ್ಟರ್, ಕ್ಲಚ್ ಒತ್ತಬೇಕಾದದ್ದೂ ಅದೇ ಕಾಲು. ಹೆಚ್ಚು ಹೊತ್ತು ಓಡಿಸಿದ್ದು ಜೊತೆಗಾರ ಪೀಟರ್ ರೆವ್ಸನ್, ನಿಜ. ಆದರೂ ಇವರ ಪೋರ್ಶೆ ಮಾರಿಯೋ ಆಂಡ್ರೆಟ್ಟಿಯ ಫೆರಾರಿಗೆ ಸೋತದ್ದು ಅರ್ಧ ನಿಮಿಷಕ್ಕೂ ಕಡಿಮೆ ಅಂತರದಲ್ಲಿ! ಅದೇ ವರ್ಷ ಲೆ ಮಾನ್ಸ್ ರೇಸಿಗೂ ಇಳಿಯೋ ಆಸೆಯಿತ್ತು, ಸಿನಿಮಾದ ವಿಮೆಯವರು ಬಿಡಲಿಲ್ಲ.

ಕೊನೆಗೆ ಜೀವ ತೆಗೆದದ್ದು ವೇಗವಲ್ಲ. ಆಸ್‌ಬೆಸ್ಟಾಸ್ ಧೂಳಿನಿಂದ ಬರೋ ಕ್ಯಾನ್ಸರಿಗೆ ತುತ್ತಾಗಿ 1980ರ ನವೆಂಬರ್ 7ರಂದು ಮೆಕ್ಸಿಕೋದಲ್ಲಿ ತೀರಿಕೊಂಡಾಗ ವಯಸ್ಸು ಬರೀ 50. ಆ ಕಾಲದ ರೇಸಿನ ಉಡುಪಿನಲ್ಲೂ ಆಸ್‌ಬೆಸ್ಟಾಸ್ ಇರುತ್ತಿತ್ತು. ಜಾಗ್ವಾರ್ ಈಗ ಲಾಸ್ ಏಂಜಲೀಸಿನ ಪೀಟರ್ಸನ್ ಮ್ಯೂಸಿಯಂ ಪಾಲಾಗಿದೆ, ಅದೇ ಹಸಿರು ಬಣ್ಣದಲ್ಲಿ.