ಐದು ಮಕ್ಕಳ ವಿಧವೆ ಕಟ್ಟಿದ ಕಾನ್ವೆಂಟು ಶಾಲೆ

ಜೂನ್ ತಿಂಗಳು ಬಂತೆಂದರೆ ಬಸ್ಸಿನಲ್ಲಿ, ಅಂಗಡಿ ಕಟ್ಟೆಯಲ್ಲಿ ಕಾನ್ವೆಂಟಿನ ಮಾತೇ ಮಾತು. ಸೀಟು ಸಿಕ್ಕಿತೇ, ಫೀಸು ಎಷ್ಟಾಯ್ತು, ಸಿಸ್ಟರು ಮುಖ ಕೊಟ್ಟು ಮಾತಾಡಿದರೇ ಇಲ್ಲವೇ... ಇದೇ ರಗಳೆ. ಮನೆ-ಮಠ, ಮಕ್ಕಳು-ಮರಿ ಇಲ್ಲದ ಸಿಸ್ಟರುಗಳಿಗೆ ಸಂಸಾರಸ್ಥರ ಕಷ್ಟ ಹೇಗೆ ಗೊತ್ತಾಗಬೇಕು ಎಂದು ಗೊಣಗುವವರೂ ಉಂಟು.

ಅಂಥವರು ಎಲಿಜಬೆತ್ ಸೀಟನ್ ಕಥೆ ಕೇಳಬೇಕು. ಅಮೆರಿಕದ ನೆಲದಲ್ಲೇ ಹುಟ್ಟಿದ ಮೊದಲ ಸಿಸ್ಟರುಗಳ ಸಂಘ ಎಂದು ಹೆಸರಾದದ್ದನ್ನು ಕಟ್ಟಿದಾಕೆ, ಬಡ ಹೆಣ್ಣುಮಕ್ಕಳಿಗೆ ಪುಕ್ಕಟೆ ಕಥೋಲಿಕ ಶಾಲೆ ತೆರೆದಾಕೆ ಈಕೆ. ಆದರೆ ಈಕೆ ಹುಟ್ಟು ಕಥೋಲಿಕಳಲ್ಲ. ಕನ್ಯಾಸ್ತ್ರೀಯಾಗಿ ಬೆಳೆದವಳೂ ಅಲ್ಲ. ದಿವಾಳಿಯೆದ್ದ ವ್ಯಾಪಾರಿಯ ವಿಧವೆ, ಐದು ಮಕ್ಕಳ ತಾಯಿ!

ಖಜಾಂಚಿಗೇ ಬಂದ ಗತಿ

ಎಲಿಜಬೆತ್ ಹುಟ್ಟಿದ್ದು 1774ರ ಆಗಸ್ಟ್ 28ರಂದು, ನ್ಯೂಯಾರ್ಕಿನಲ್ಲಿ. ಅಮೆರಿಕಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ತಂದೆ ರಿಚರ್ಡ್ ಬೇಲಿ ಹೆಸರುವಾಸಿ ಡಾಕ್ಟರು. ಮನೆತನ ಪ್ರೊಟೆಸ್ಟಂಟ್ ಮತದ್ದು. ಮೂರು ವರ್ಷ ತುಂಬುವ ಹೊತ್ತಿಗೇ ತಾಯಿ ತೀರಿಕೊಂಡಳು. ಮಲತಾಯಿಯ ಜೊತೆ ಅಷ್ಟಕ್ಕಷ್ಟೆ. ತಂದೆಯೋ ಸದಾ ರೋಗಿಗಳ ಹಿಂದೆ. ಹುಡುಗಿ ಪುಸ್ತಕ ಹಿಡಿದು ಒಂಟಿಯಾಗಿ ಬೆಳೆದಳು.

19ನೇ ವಯಸ್ಸಿಗೆ, 1794ರ ಜನವರಿಯಲ್ಲಿ ಮದುವೆ. ಗಂಡ ವಿಲಿಯಂ ಸೀಟನ್ ಹಡಗು ವ್ಯಾಪಾರದ ದೊಡ್ಡ ಮನೆತನದವನು. ವಾಲ್ ಸ್ಟ್ರೀಟಿನಲ್ಲಿ ಮನೆ, ಆಳುಕಾಳು, ಗಾಡಿ-ಘೋಡ, ಯಾವುದಕ್ಕೂ ಕೊರತೆಯಿಲ್ಲ. ಎಂಟು ವರ್ಷದಲ್ಲಿ ಐದು ಮಕ್ಕಳು: ಅನ್ನಾ, ವಿಲಿಯಂ, ರಿಚರ್ಡ್, ಕ್ಯಾಥರೀನ್, ರೆಬೆಕ್ಕಾ.

1797ರಲ್ಲಿ ನ್ಯೂಯಾರ್ಕಿನ ಕೆಲವು ಹೆಂಗಸರು ಸೇರಿ, ಚಿಕ್ಕ ಮಕ್ಕಳಿರುವ ಬಡ ವಿಧವೆಯರಿಗೆ ನೆರವಾಗಲು ಒಂದು ಸಂಘ ಮಾಡಿದರು. ಅದರ ಖಜಾಂಚಿ ಯಾರು ಅಂತೀರಿ? ಇದೇ ಎಲಿಜಬೆತ್! ವಿಧವೆಯರ ಮನೆಮನೆಗೆ ಹೋಗಿ ಹಣ ಹಂಚುವ ಆ ಶ್ರೀಮಂತ ಹೆಂಗಸಿಗೆ, ಆರೇ ವರ್ಷದಲ್ಲಿ ತಾನೂ ಅಂಥದೇ ಬಾಗಿಲಲ್ಲಿ ನಿಲ್ಲಬೇಕಾದೀತೆಂದು ಗೊತ್ತಿರಲಿಲ್ಲ.

1798ರಲ್ಲಿ ಮಾವ ತೀರಿಕೊಂಡ. ಅವನ ಎರಡನೇ ಸಂಬಂಧದ ಚಿಕ್ಕ ಮಕ್ಕಳೆಲ್ಲ ಎಲಿಜಬೆತ್ತಳ ಮಡಿಲಿಗೆ ಬಂದರು. ವ್ಯಾಪಾರದ ಭಾರವೆಲ್ಲ ಗಂಡನ ತಲೆಗೆ. ಆಗ ಯೂರೋಪಿನಲ್ಲಿ ಯುದ್ಧ. ಸಮುದ್ರದ ಮೇಲೆ ಹೊರಟ ಸರಕು ಕೈಸೇರುತ್ತದೆಂಬ ಭರವಸೆಯಿಲ್ಲ. ಕೆಲವು ಹಡಗು ಮುಳುಗಿದವು, ಕೆಲವು ಜಪ್ತಿಯಾದವು. ಸಾಲಗಾರರು ಬಾಗಿಲಿಗೆ ಬಂದರು. ಹೆಂಡತಿ ರಾತ್ರಿಯೆಲ್ಲ ಕೂತು ಗಂಡನ ವ್ಯವಹಾರದ ಕಾಗದ-ಪತ್ರ ಬರೆದಳು. ಏನೂ ಉಪಯೋಗವಾಗಲಿಲ್ಲ. ಕಂಪೆನಿ ದಿವಾಳಿ ಎದ್ದಿತು. ಅಂಗಡಿ ನಡೆಸುವವರಿಗೆ ಆ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲೇ ಕ್ಷಯ ಹಿಡಿದಿದ್ದ ಗಂಡ ಇದರಿಂದ ಇನ್ನೂ ಸೊರಗಿದ. 1801ರಲ್ಲಿ ತಂದೆಯೂ ಹೋದರು. ಹಡಗಿನಲ್ಲಿ ಬಂದಿಳಿದ ಬಡ ಐರಿಶ್ ವಲಸಿಗರಿಗೆ ಚಿಕಿತ್ಸೆ ಮಾಡುತ್ತ ಅವರ ಜ್ವರವೇ ತಗುಲಿ ತೀರಿಕೊಂಡರು.

ಸೆರೆಮನೆಯಂಥ ಆಸ್ಪತ್ರೆ

ಬೆಚ್ಚಗಿನ ಹವೆಗೆ ಹೋದರೆ ಗಂಡ ಉಳಿದಾನೆಂಬ ಆಸೆಯಿಂದ 1803ರ ಅಕ್ಟೋಬರಿನಲ್ಲಿ ಇಟಲಿಗೆ ಹಡಗು ಹತ್ತಿದರು. ಜೊತೆಗೆ ಎಂಟು ವರ್ಷದ ಹಿರಿಮಗಳು ಅನ್ನಾ ಮಾತ್ರ. ಉಳಿದ ನಾಲ್ವರು ನಂಟರ ಮನೆಯಲ್ಲಿ. ಹಡಗು ಲಿವೋರ್ನೊ ಬಂದರು ಸೇರಿತು. ಆದರೆ ನ್ಯೂಯಾರ್ಕಿನಲ್ಲಿ ಹಳದಿ ಜ್ವರ ಎದ್ದಿತ್ತಲ್ಲ, ಊರೊಳಕ್ಕೆ ಬಿಡಲಿಲ್ಲ. ಸಮುದ್ರದ ದಂಡೆಯ ಕಲ್ಲುಕಟ್ಟಡದಲ್ಲಿ ಸುಮಾರು ಒಂದು ತಿಂಗಳು ದಿಗ್ಬಂಧನ! ಕೊರೊನಾ ಕಾಲದ ಕ್ವಾರಂಟೈನು ಕಂಡವರಿಗೆ ಇದು ಹೊಸದಲ್ಲ. ನೆಲ, ಗೋಡೆ ಎಲ್ಲ ತಂಪು, ಹೊಗೆ, ಗಾಳಿ. ರಕ್ತ ಕಾರುವ ರೋಗಿ ಒಂದು ಕಡೆ. ಚಳಿ ತಡೆಯಲಾರದೆ ತಾಯಿ-ಮಗಳು ಹಗ್ಗ ಹಿಡಿದು ಕುಣಿದು ಮೈ ಬಿಸಿ ಮಾಡಿಕೊಂಡರು. ಹೊರಗೆ ಬಿಟ್ಟ ಎಂಟು ದಿನಕ್ಕೆ, ಡಿಸೆಂಬರ್ 27ರಂದು, ಪೀಸಾ ಊರಿನಲ್ಲಿ ವಿಲಿಯಂ ಕಣ್ಣುಮುಚ್ಚಿದ.

ಎಲಿಜಬೆತ್ತಳಿಗೆ ಆಗ 29 ವರ್ಷ. ಕೈಯಲ್ಲಿ ಕಾಸಿಲ್ಲ. ಕಾಣದ ದೇಶ.

ಅಲ್ಲಿ ಕೈಹಿಡಿದವರು ಗಂಡನ ವ್ಯಾಪಾರದ ಗೆಳೆಯರಾದ ಫಿಲಿಕ್ಕಿ ಸೋದರರು. ಕಥೋಲಿಕರು. ತಮ್ಮ ಮನೆಯಲ್ಲಿಟ್ಟುಕೊಂಡು ಸ್ವಂತ ತಂಗಿಯಂತೆ ನೋಡಿಕೊಂಡರು. ಅವರ ಜೊತೆ ಚರ್ಚಿಗೆ ಹೋದಳು, ಬಲಿಪೂಜೆ ನೋಡಿದಳು. ಒಂಟಿಯಾಗಿ ಬೆಳೆದ ಹೆಂಗಸಿಗೆ ದೇವರು ಹತ್ತಿರವೇ ಇದ್ದಾನೆಂಬ ಆ ಮನೆಯವರ ನಂಬಿಕೆ ಮನಸ್ಸಿಗೆ ನಾಟಿತು. ತಾಯಿಯಿಲ್ಲದವಳಿಗೆ ಮಾತೆ ಮರಿಯಮ್ಮ ತಾಯಿಯಾಗಿ ಕಂಡಳು. 1804ರ ಜೂನಿನಲ್ಲಿ ಊರಿಗೆ ವಾಪಸಾದಳು.

ನಂಟರು ಮುಖ ತಿರುವಿದರು

ಆ ಕಾಲದ ನ್ಯೂಯಾರ್ಕಿನಲ್ಲಿ ಕಥೋಲಿಕ ಮತವೆಂದರೆ ಕೂಲಿಗೆ ಬಂದ ಐರಿಶರ ಮತ ಎಂದೇ ಲೆಕ್ಕ. ದೊಡ್ಡ ಮನೆತನದ ಹೆಣ್ಣು ಅಲ್ಲಿ ಕಾಲಿಡುವುದೇ? ಪಾದ್ರಿಗಳು ಬುದ್ಧಿ ಹೇಳಿದರು, ನಂಟರು ಗದರಿದರು. ತಿಂಗಳುಗಟ್ಟಲೆ ಒದ್ದಾಡಿ, 1805ರ ಮಾರ್ಚ್ 14ರಂದು ಬಾರ್ಕ್ಲೇ ಬೀದಿಯ ಸಂತ ಪೀಟರರ ಚರ್ಚಿನಲ್ಲಿ ಎಲಿಜಬೆತ್ ಕಥೋಲಿಕಳಾದಳು.

ಅಲ್ಲಿಗೆ ನಂಟಸ್ತಿಕೆಯ ಬಾಗಿಲು ಒಂದೊಂದಾಗಿ ಹಾಕಿಕೊಂಡಿತು. ಐದು ಹೊಟ್ಟೆ ತುಂಬಬೇಕು. ಒಂದು ಶಾಲೆಯಲ್ಲಿ ಪಾಲು ಸೇರಿಕೊಂಡಳು. ಈ ಹೆಂಗಸು ಮಕ್ಕಳ ಮತ ಕೆಡಿಸುತ್ತಾಳೆಂದು ಪುಕಾರು ಹಬ್ಬಿತು. ಶಾಲೆ ಮುಚ್ಚಿತು. ಓದುವ ಹುಡುಗರಿಗೆ ಊಟ-ವಸತಿಯ ಮನೆ ನಡೆಸಿದಳು. ಅದರಲ್ಲೂ ನೆಮ್ಮದಿಯಿಲ್ಲ. 1806ರಲ್ಲಿ ಗಂಡನ ಕಿರಿ ತಂಗಿ ಸಿಸೀಲಿಯಾ ಕೂಡ ಕಥೋಲಿಕಳಾದಾಗಂತೂ ಮನೆತನದ ಸಿಟ್ಟು ನೆತ್ತಿಗೇರಿತು. ತಾನು ಕೆಟ್ಟದ್ದಲ್ಲದೆ ನಾದಿನಿಯನ್ನೂ ಕೆಡಿಸಿದಳೆಂಬ ಅಪವಾದ ಎಲಿಜಬೆತ್ತಳ ತಲೆಗೆ ಬಂತು.

ಇಂಥ ಹೊತ್ತಿನಲ್ಲಿ ಬಾಲ್ಟಿಮೋರಿನ ಪಾದ್ರಿ ಡುಬೂರ್ಗ್ ಎಂಬವರು ನಮ್ಮೂರಿಗೆ ಬಂದು ಹೆಣ್ಣುಮಕ್ಕಳ ಶಾಲೆ ತೆರೆಯಿರಿ ಎಂದು ಕರೆದರು. 1808ರ ಜೂನಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೊರಟಳು. ಪಾಕಾ ಬೀದಿಯ ಚಿಕ್ಕ ಮನೆಯಲ್ಲಿ ನಾಲ್ಕಾರು ಹುಡುಗಿಯರ ಶಾಲೆ ಶುರುವಾಯಿತು. ತನ್ನ ಹೆಣ್ಣುಮಕ್ಕಳೂ ಅದರಲ್ಲೇ ವಿದ್ಯಾರ್ಥಿನಿಯರು. ಬೆಳಿಗ್ಗೆ ಪೂಜೆ, ಆಮೇಲೆ ಪಾಠ, ಹೊಲಿಗೆ, ಸಂಜೆ ಪ್ರಾರ್ಥನೆ. ಮನೆ ಯಾವುದು, ಶಾಲೆ ಯಾವುದು ಎಂದು ಗೆರೆ ಎಳೆಯುವಂತಿರಲಿಲ್ಲ. ನೋಡನೋಡುತ್ತ ಇದೇ ಕೆಲಸಕ್ಕೆ ಬದುಕು ಕೊಡುತ್ತೇವೆಂದು ತರುಣಿಯರು ಬಂದು ಸೇರಿದರು.

1809ರ ಮಾರ್ಚ್ 25ರಂದು ಬಿಷಪ್ ಜಾನ್ ಕ್ಯಾರಲ್ ಎದುರು ಎಲಿಜಬೆತ್ ವ್ರತ ಸ್ವೀಕರಿಸಿದಳು. ಅಂದಿನಿಂದ ಮದರ್ ಸೀಟನ್ ಎಂಬ ಹೆಸರು ಬಂತು. ನಾವೂ ಇಲ್ಲಿಂದ ಬಹುವಚನದಲ್ಲೇ ಬರೆಯೋಣ.

ಕ್ಯಾರೆಟ್ಟಿನ ಕಾಫಿ

ಹೊಸದಾಗಿ ಕಥೋಲಿಕರಾಗಿದ್ದ ಸ್ಯಾಮ್ಯುಯೆಲ್ ಕೂಪರ್ ಎಂಬ ಸಿರಿವಂತ ತನ್ನ ದುಡ್ಡು ಕೊಟ್ಟು ಮೇರಿಲ್ಯಾಂಡಿನ ಎಮಿಟ್ಸ್‌ಬರ್ಗ್ ಹತ್ತಿರ ಜಮೀನು ಕೊಡಿಸಿದ. 1809ರ ಜೂನಿನಲ್ಲಿ ಸುಮಾರು 50 ಮೈಲಿಯ ಹಾದಿ. ಸಾಮಾನು ಕುದುರೆಗಾಡಿಯಲ್ಲಿ, ಜನ ಸ್ವಲ್ಪ ದೂರ ಗಾಡಿಯಲ್ಲಿ, ಸ್ವಲ್ಪ ದೂರ ಕಾಲ್ನಡಿಗೆಯಲ್ಲಿ.

ಸಿಕ್ಕಿದ್ದು ಪುಟ್ಟದೊಂದು ಕಲ್ಲುಮನೆ. ಅದರೊಳಗೆ ಸುಮಾರು 16 ಜನ. ಜುಲೈ 31ರಂದು ಸಂಘದ ಬಾಳು ಅಲ್ಲಿ ಶುರುವಾಯಿತು. ಚಳಿಗಾಲದಲ್ಲಿ ಮಾಡಿನ ಸಂದಿಯಿಂದ ಹಿಮ ಒಳಗೆ ಬಂದು ಹಾಸಿಗೆ ಮೇಲೆ ಬೀಳುತ್ತಿತ್ತು. ಕಾಫಿಪುಡಿಗೆ ದುಡ್ಡಿಲ್ಲದೆ ಕ್ಯಾರೆಟ್ಟಿನಿಂದ ಕಾಫಿ ಮಾಡಿ ಕುಡಿದರು. ಮಜ್ಜಿಗೆ, ಉಪ್ಪು ಹಾಕಿಟ್ಟ ಮಾಂಸ, ಇಷ್ಟೇ ಊಟ.

ಆ ಡಿಸೆಂಬರಿನಲ್ಲೇ ಗಂಡನ ಇನ್ನೊಬ್ಬ ತಂಗಿ ಹ್ಯಾರಿಯೆಟ್ ತೀರಿಕೊಂಡಳು. ಸಿಸೀಲಿಯಾಳ ಆರೈಕೆಗೆಂದು ಬಂದು, ತಾನೂ ಆ ನಂಬಿಕೆಗೆ ಸೇರಿದ್ದ ಹುಡುಗಿ. ನಾಲ್ಕು ತಿಂಗಳಿಗೆ ಸಿಸೀಲಿಯಾಳೂ ಹೋದಳು. ಶಾಲೆಗಿಂತ ಮೊದಲು ಅಲ್ಲಿ ಶುರುವಾದದ್ದು ಸಮಾಧಿ ಭೂಮಿ!

ಫೀಸಿನ ಲೆಕ್ಕ ಹೀಗಿತ್ತು

1810ರ ಫೆಬ್ರವರಿಯಲ್ಲಿ ಮರದ ದೊಡ್ಡ ಮನೆಯೊಂದು ಸಿದ್ಧವಾಯಿತು. ಫೆಬ್ರವರಿ 22ರಂದು ಸಂತ ಜೋಸೆಫರ ಹೆಸರಿನಲ್ಲಿ ಸುತ್ತಲಿನ ಬಡ ಹುಡುಗಿಯರಿಗೆ ಶಾಲೆ ತೆರೆದರು. ಪೂರಾ ಪುಕ್ಕಟೆ. ಆದರೆ ಪುಕ್ಕಟೆ ಶಾಲೆಗೂ ಸೌದೆ ಬೇಕು, ಹಿಟ್ಟು ಬೇಕು, ಸ್ಲೇಟು ಬೇಕು. ದಾನಿಗಳು ಕೊಟ್ಟದ್ದು ಜಮೀನಿಗೆ, ಮನೆಗೆ ಹೋಯ್ತು. ಸಾಲ ಬೆಳೆಯಿತು. ದಿವಾಳಿ ಏನೆಂದು ಕಣ್ಣಾರೆ ಕಂಡಿದ್ದ ಮದರ್ ಸೀಟನ್ ಲೆಕ್ಕದ ಪುಸ್ತಕ ತೆಗೆದರು.

ಅದೇ ಮೇ ತಿಂಗಳಲ್ಲಿ ಉಳ್ಳವರ ಮಕ್ಕಳಿಗೆ ಹಾಸ್ಟೆಲು ಶುರುವಾಯಿತು. ಅವರಿಗೆ ಫೀಸು ಉಂಟು. ಆ ಫೀಸಿನಿಂದ ಸಿಸ್ಟರುಗಳ ಊಟ, ಬಡಮಕ್ಕಳ ಓದು ಎರಡೂ ನಡೆಯಬೇಕು. ಓದು, ಬರಹ, ಲೆಕ್ಕ, ವ್ಯಾಕರಣ, ಫ್ರೆಂಚ್, ಸಂಗೀತ, ಹೊಲಿಗೆ ಕಲಿಸಿದರು. ಮದರ್ ಸೀಟನ್ ತರಗತಿಯಿಂದ ತರಗತಿಗೆ ತಿರುಗಿ ನೋಡುತ್ತಿದ್ದರು. ಮೊದಲ ಪರಮಪ್ರಸಾದಕ್ಕೆ ಮಕ್ಕಳನ್ನು ತಯಾರು ಮಾಡುವ ಕೆಲಸವನ್ನಂತೂ ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಓದು ಮುಗಿಸಿ ಮನೆಗೆ ಹೋದ ಹುಡುಗಿಯರಿಗೂ ಕಾಗದ ಬರೆಯುತ್ತಿದ್ದರು.

ಈ ಲೆಕ್ಕದಲ್ಲಿ ಒಂದು ಕಪ್ಪು ಚುಕ್ಕೆಯೂ ಇದೆ, ಮುಚ್ಚಿಡಬಾರದು. ಮೇರಿಲ್ಯಾಂಡ್ ಗುಲಾಮಗಿರಿ ಇದ್ದ ರಾಜ್ಯ. ಫೀಸು ಕೊಟ್ಟ ಮನೆತನಗಳಲ್ಲಿ ಗುಲಾಮರ ದುಡಿಮೆಯಿಂದ ಉಂಡವರೂ ಇದ್ದರು. ಬಡಮಕ್ಕಳ ಸ್ಲೇಟಿಗೆ ಬಂದ ದುಡ್ಡಿನಲ್ಲಿ ಬೇರೆ ಬಡವರ ಬೆವರೂ ಸೇರಿತ್ತು.

ತಾಯಿಯೋ, ಮದರೋ?

ಇನ್ನೊಂದು ಕಗ್ಗಂಟು ಬಂತು. ಸಂಘಕ್ಕೆ ಖಾಯಂ ನಿಯಮ ಬೇಕಿತ್ತು. ಫ್ರಾನ್ಸಿನಲ್ಲಿ ಸಂತ ವಿನ್ಸೆಂಟ್ ಡಿ ಪೌಲರು ಕಟ್ಟಿದ ಸಂಘದ ನಿಯಮವನ್ನು ತರಿಸಿದರು. ಮಠದ ನಿಯಮ ಅಂದರೆ ಎಲ್ಲ ಬಿಟ್ಟು ಬರಬೇಕು. ಆದರೆ ಈ ಮದರಿಗೆ ಬೆಳೆಯುವ ಐದು ಮಕ್ಕಳಿದ್ದಾರಲ್ಲ! ಅವರನ್ನು ಯಾರ ಕೈಗೆ ಕೊಡುವುದು?

ಈ ವಿಷಯದಲ್ಲಿ ಮದರ್ ಸೀಟನ್ ಒಂದಿಂಚೂ ಜಗ್ಗಲಿಲ್ಲ. ತಾನು ಮೊದಲು ತಾಯಿ, ಮಕ್ಕಳ ಹೊಣೆ ಕಳಚಿಕೊಳ್ಳಬೇಕಾದ ಯಾವ ವ್ರತವೂ ತನಗಲ್ಲ ಎಂದು ಮೇಲಿನವರಿಗೆ ಸ್ಪಷ್ಟಪಡಿಸಿದರು. ಕೊನೆಗೆ ನಿಯಮವೇ ಬಗ್ಗಿತು. 1812ರ ಜನವರಿಯಲ್ಲಿ ಕ್ಯಾರಲ್ ಒಪ್ಪಿಗೆ ಕೊಟ್ಟಾಗ, ಮಕ್ಕಳ ಹೊಣೆ ತಾಯಿಯಲ್ಲೇ ಉಳಿಯಿತು. ಫೀಸು ಕೊಡುವ ಮಕ್ಕಳಿಗೆ ಕಲಿಸಲೂ ಅಡ್ಡಿಯಾಗಲಿಲ್ಲ. 1813ರ ಜುಲೈ 19ರಂದು 18 ಜನ ಸಿಸ್ಟರುಗಳು ಆ ನಿಯಮದಂತೆ ವ್ರತ ತೊಟ್ಟರು.

ಮಕ್ಕಳನ್ನು ನಿಯಮದಿಂದ ಉಳಿಸಿಕೊಂಡರು, ಕ್ಷಯದಿಂದ ಉಳಿಸಿಕೊಳ್ಳಲಾಗಲಿಲ್ಲ. ಹಗ್ಗ ಹಿಡಿದು ಚಳಿ ಓಡಿಸಿದ್ದ ಅನ್ನಾ, ಶಾಲೆಯಲ್ಲಿ ಚಿಕ್ಕವರಿಗೆ ಅಕ್ಕನಂತಿದ್ದ ಅನ್ನಾ, 1812ರ ಮಾರ್ಚ್ 12ರಂದು 16ನೇ ವಯಸ್ಸಿಗೆ ತೀರಿಕೊಂಡಳು. ಸಾಯುವ ಹಾಸಿಗೆಯಲ್ಲೇ ಸಿಸ್ಟರಾಗಿ ವ್ರತ ತೆಗೆದುಕೊಂಡಿದ್ದಳು. ಮದರ್ ಸೀಟನ್ ತಿಂಗಳುಗಟ್ಟಲೆ ಮೇಲೇಳಲಿಲ್ಲ. ಪ್ರಾರ್ಥನೆಯಲ್ಲೂ ಮನಸ್ಸು ನಿಲ್ಲಲಿಲ್ಲ. ಆದರೆ ಶಾಲೆಯ ಗಂಟೆ ನಿಲ್ಲುವಂತಿಲ್ಲ. ಬೇರೆಯವರ ಮಕ್ಕಳು ಊಟಕ್ಕೆ, ಪಾಠಕ್ಕೆ ಕಾಯುತ್ತಿದ್ದರು. ಎದ್ದು ಹೋದರು.

ಕಿರಿಮಗಳು ರೆಬೆಕ್ಕಾ ಹಿಮದ ಮೇಲೆ ಜಾರಿ ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಂಡಳು. ಅದು ಗುಣವಾಗಲೇ ಇಲ್ಲ. ವರ್ಷಗಟ್ಟಲೆ ನರಳಿ, 1816ರ ನವೆಂಬರ್ 3ರಂದು ತಾಯಿಯ ತೋಳಿನಲ್ಲೇ ಹೋದಳು. 14 ವರ್ಷ. ಗಂಡುಮಕ್ಕಳಿಬ್ಬರೂ ತಾಯಿ ಅಂದುಕೊಂಡ ಹಾದಿಗೆ ಬರಲಿಲ್ಲ. ಇಟಲಿಯ ಫಿಲಿಕ್ಕಿಯವರ ಕಂಪೆನಿಯಲ್ಲಿ ಕೆಲಸಕ್ಕೆ ಹಚ್ಚಿದರೂ ನೆಲೆ ನಿಲ್ಲಲಿಲ್ಲ. ವಿಲಿಯಂ ನೌಕಾಪಡೆ ಸೇರಿದ. ಸಮುದ್ರದ ಮೇಲಿರುವ ಮಗನ ಯೋಚನೆ ತಾಯಿಯನ್ನು ಕೊನೆಯವರೆಗೂ ಬಿಡಲಿಲ್ಲ.

ಇಷ್ಟರ ನಡುವೆಯೇ ಸಂಘ ಬೆಳೆಯಿತು. 1814ರಲ್ಲಿ ಫಿಲಡೆಲ್ಫಿಯಾದ ಅನಾಥಾಲಯಕ್ಕೆ ಸಿಸ್ಟರುಗಳು ಹೋದರು. 1817ರಲ್ಲಿ ನ್ಯೂಯಾರ್ಕಿನಲ್ಲೂ ಕೆಲಸ ಶುರುವಾಯಿತು. ಮತ ಬಿಟ್ಟಳೆಂದು ಬೆನ್ನು ತಿರುಗಿಸಿದ ಊರಿಗೇ ಮದರ್ ಸೀಟನ್ ಅನಾಥ ಮಕ್ಕಳನ್ನು ಸಾಕಲು ತಮ್ಮ ಸಿಸ್ಟರುಗಳನ್ನು ಕಳಿಸಿದರು.

ಉಳಿದ ಮಗಳು

1821ರ ಜನವರಿ 4ರಂದು, ಅದೇ ಎಮಿಟ್ಸ್‌ಬರ್ಗಿನ ಮನೆಯಲ್ಲಿ, ಅದೇ ಕ್ಷಯದಿಂದ ಮದರ್ ಸೀಟನ್ ತೀರಿಕೊಂಡರು. ವಯಸ್ಸು 46. ಪಕ್ಕದಲ್ಲಿದ್ದ ಸ್ವಂತ ರಕ್ತ ಒಬ್ಬಳೇ, ಮಗಳು ಕ್ಯಾಥರೀನ್. ಮಗ ರಿಚರ್ಡ್ ಎರಡು ವರ್ಷಕ್ಕೆ ಸಮುದ್ರಯಾನದಲ್ಲೇ ಜ್ವರ ಬಂದು ಸತ್ತ.

1975ರ ಸೆಪ್ಟೆಂಬರ್ 14ರಂದು ಪೋಪ್ ಆರನೇ ಪೌಲರು ಮದರ್ ಸೀಟನ್‌ರನ್ನು ಸಂತರೆಂದು ಸಾರಿದರು. ಅಮೆರಿಕದಲ್ಲಿ ಹುಟ್ಟಿ ಸಂತಪದವಿಗೆ ಏರಿದವರಲ್ಲಿ ಇವರೇ ಮೊದಲಿಗರು. ಜನವರಿ 4 ಅವರ ಸ್ಮರಣೆಯ ದಿನ.

ಕ್ಯಾಥರೀನ್ ಏನಾದಳು? 1846ರಲ್ಲಿ, ನಲವತ್ತು ದಾಟಿದ ಮೇಲೆ, ನ್ಯೂಯಾರ್ಕಿನಲ್ಲಿ ತಾನೂ ಸಿಸ್ಟರಾದಳು. ತಾಯಿಯ ಸಂಘ ಸೇರಲಿಲ್ಲ, ಕರುಣೆಯ ಸಿಸ್ಟರುಗಳೆಂಬ ಬೇರೆ ಸಂಘ ಸೇರಿದಳು. ಆರಿಸಿಕೊಂಡದ್ದು ಜೈಲಿನ ಕೆಲಸ. ಕಳ್ಳರು, ಕೊಲೆಗಾರರು, ಗಲ್ಲಿಗೆ ಹೋಗುವವರು ಇರುವ ಕಡೆ ಹೋಗಿ ಕೂತು ಅವರ ಕಷ್ಟ-ಸುಖ ಕೇಳುತ್ತಿದ್ದಳು. 1891ರಲ್ಲಿ ತೀರಿಕೊಳ್ಳುವಾಗ 90 ವರ್ಷ. ಊರಿನ ದೊಡ್ಡ ಮನುಷ್ಯರು ದೂರವಿಟ್ಟ ಹೆಂಗಸಿನ ಮಗಳಿಗೆ, ಎಲ್ಲರೂ ದೂರವಿಟ್ಟವರ ಹತ್ತಿರ ಕೂರುವುದು ಕಷ್ಟವಾಗಲಿಲ್ಲ.