ಶಂಭುಲಿಂಗನ ಬೆಟ್ಟದ ಶಿವಯೋಗಿ

ಕೊಳ್ಳೇಗಾಲದ ಸಮೀಪದ ಸತ್ತೇಗಾಲದ ಬಳಿ ಕಾವೇರಿ ನದಿಯು ಎರಡು ಕವಲುಗಳಾಗಿ ಒಡೆದು, ನಡುವೆ ಶಿವನಸಮುದ್ರವೆಂಬ ನಡುಗಡ್ಡೆಯನ್ನು ಬಳಸಿ, ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮ್ಮಿಕ್ಕುತ್ತದೆ. ಮಳೆಗಾಲದಲ್ಲಿ ಅಲ್ಲಿ ನಿಂತವರಿಗೆ ಪಕ್ಕದವರ ಮಾತೂ ಕೇಳಿಸದು. ಇದೇ ಸೀಮೆಯಲ್ಲಿ, ಈ ಭೋರ್ಗರೆತವು ತಲುಪದಷ್ಟು ದೂರದಲ್ಲಿ, ಚಿಲಕವಾಡಿಯ ಶಂಭುಲಿಂಗನ ಬೆಟ್ಟವಿದೆ. ಮನಸ್ಸಿನ ಗದ್ದಲವನ್ನು ಅಡಗಿಸುವ ಬಗೆಯನ್ನು ಕನ್ನಡದಲ್ಲಿ ಹಾಡಿದ ನಿಜಗುಣ ಶಿವಯೋಗಿಗಳ ತಪೋಭೂಮಿ ಅದು.

ಶಿವಯೋಗಿಗಳು ಕ್ರಿ.ಶ. 1500ರ ಸುಮಾರಿನಲ್ಲಿ ಬಾಳಿದವರೆಂಬುದು ವಿದ್ವಾಂಸರ ಅಭಿಪ್ರಾಯ. ಅವರು ಮೊದಲು ಈ ಪ್ರಾಂತದ ಒಡೆಯರಾಗಿದ್ದರೆಂದೂ, ಸಿರಿಸಂಪತ್ತು ಅಸ್ಥಿರವೆಂದರಿತು ಎಲ್ಲವನ್ನೂ ತೊರೆದು ಬೆಟ್ಟವನ್ನು ಸೇರಿದರೆಂದೂ ಪರಂಪರೆಯು ಹೇಳುತ್ತದೆ. ಸಿಂಹಾಸನವನ್ನು ಬೆಟ್ಟದ ಬುಡದಲ್ಲಿ ಬಿಟ್ಟುಬರಬಹುದು. ಆದರೆ ಕಂದಾಯದ ಲೆಕ್ಕ, ನೆರೆಯವರ ಹಗೆ, ನಾಳಿನ ಚಿಂತೆ ಇವುಗಳಿಗೆ ಒಗ್ಗಿಹೋದ ಮನಸ್ಸು ಒಡೆಯನ ಬೆನ್ನುಬಿಡದೆ ತಾನೂ ಮೇಲೇರಿ ಬರುತ್ತದೆಯಲ್ಲವೇ? ನನಗೆ ತೋರುವಂತೆ, ಅವರ ಕಠಿಣವಾದ ತ್ಯಾಗವು ಮೊದಲಾದದ್ದು ಬೆಟ್ಟವನ್ನೇರಿದ ಮೇಲೆಯೇ.

ಇವರ ಬದುಕಿನಲ್ಲಿ ಬೆರಗುಗೊಳಿಸುವ ಸಂಗತಿಯೊಂದುಂಟು. ಮನಸ್ಸನ್ನು ಬರಿದುಮಾಡಬೇಕೆಂದ ಈ ಮಹನೀಯರೇ ತಮ್ಮ ಕಾಲದ ವಿದ್ಯೆಗಳನ್ನೆಲ್ಲ ತುಂಬಿಟ್ಟ ಕಣಜದಂತಹ ಗ್ರಂಥವನ್ನೂ ರಚಿಸಿದರು. ಅದುವೇ ‘ವಿವೇಕಚಿಂತಾಮಣಿ’. ಹತ್ತು ಪ್ರಕರಣಗಳ ಈ ಗದ್ಯಕೃತಿಯಲ್ಲಿ ವೇದ, ಪುರಾಣ, ಯೋಗ, ವೈದ್ಯ, ಸಂಗೀತ, ನಾಟ್ಯ ಮೊದಲಾದ ನೂರಾರು ವಿಷಯಗಳು ಅಡಕವಾಗಿವೆ. ಹದಿನೇಳನೆಯ ಶತಮಾನದಲ್ಲಿಯೇ ಅದು ಮರಾಠಿಗೂ ಸಂಸ್ಕೃತಕ್ಕೂ ಅನುವಾದಗೊಂಡಿತು. ಕನ್ನಡದಿಂದ ಸಂಸ್ಕೃತಕ್ಕೆ ಹೋದ ಗ್ರಂಥಗಳು ಎಷ್ಟಿವೆ? ಇಷ್ಟನ್ನೆಲ್ಲ ಅರಿತವರು ಅರಿವಿನ ಭಾರವನ್ನು ಇಳಿಸಿಕೊಂಡದ್ದು ಹೇಗೆ?

ಇದಕ್ಕೆ ಉತ್ತರವನ್ನು ‘ಕೈವಲ್ಯಪದ್ಧತಿ’ಯಲ್ಲಿ ಅರಸಬೇಕು. ರಾಗಗಳಿಗೆ ಹೊಂದಿಸಿದ ಹಾಡುಗಳ ಸಂಕಲನವದು. ಅಲ್ಲಿ ಶಿವನ ಕರುಣೆಯನ್ನು ಬೇಡುವ ಹಾಡುಗಳಿವೆ; ಜೀವನನ್ನೇ ಎದುರಿಗೆ ನಿಲ್ಲಿಸಿಕೊಂಡು ಎಚ್ಚರಿಸುವ ಹಾಡುಗಳಿವೆ; ಮುಂದೆ ನೀತಿ, ಯೋಗ, ಜ್ಞಾನಗಳ ವಿವರಣೆಯಿದೆ. ಯಾವುದು ನಿತ್ಯ, ಯಾವುದು ಅನಿತ್ಯ ಎಂದು ವಿಂಗಡಿಸುವುದೇ ವಿವೇಕ. ಧಾನ್ಯವನ್ನು ಕೇರುವವಳು ಮೊರದಲ್ಲಿರುವುದನ್ನೆಲ್ಲ ಚೆಲ್ಲುವುದಿಲ್ಲ. ಹೊಟ್ಟನ್ನು ಮಾತ್ರ ತೂರುತ್ತಾಳೆ. ಶಿವಯೋಗಿಗಳು ವಿದ್ಯೆಗಳನ್ನು ಒಂದೊಂದಾಗಿ ವಿಂಗಡಿಸಿಟ್ಟದ್ದೂ ಇಂತಹ ಕೇರುವಿಕೆಯೇ ಎಂದು ನಾನು ಭಾವಿಸಿದ್ದೇನೆ.

ಯೋಗಮಾರ್ಗದಲ್ಲಿ ಇದಕ್ಕೆ ಮೆಟ್ಟಿಲುಗಳಿವೆ. ಹೊರಗೆ ಹರಿಯುವ ಇಂದ್ರಿಯಗಳನ್ನು ಒಳಕ್ಕೆ ಸೆಳೆಯುವುದು ಪ್ರತ್ಯಾಹಾರ. ಸೆಳೆದ ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಧಾರಣೆ. ಆ ನಿಲುಗಡೆಯು ಎಣ್ಣೆಯ ಧಾರೆಯಂತೆ ಕಡಿಯದೆ ಸಾಗಿದರೆ ಅದು ಧ್ಯಾನ. ಹೇಳುವುದು ಸುಲಭ. ಪುಸ್ತಕದ ಮೇಲೆ ಕಣ್ಣಿಟ್ಟು ಮನಸ್ಸನ್ನು ಊರಜಾತ್ರೆಗೆ ಕಳುಹಿಸಿದ ವಿದ್ಯಾರ್ಥಿಗಳನ್ನು ನಾನು ಬಹುಕಾಲ ಕಂಡಿದ್ದೇನೆ. ಪಾಠ ಹೇಳುತ್ತಲೇ ಮನೆಯ ಚಿಂತೆಯಲ್ಲಿ ಮುಳುಗಿ, ಹೇಳಿದ ವಾಕ್ಯವನ್ನೇ ಮತ್ತೆ ಹೇಳಿದ ಉಪಾಧ್ಯಾಯನೂ ನಾನೇ. ಕಳೆದುದರ ಕಡೆಗೊಂದು ಕವಲು, ಬರಲಿರುವುದರ ಕಡೆಗೊಂದು ಕವಲು. ಸತ್ತೇಗಾಲದ ಹೊಳೆಯಂತೆಯೇ ಮನಸ್ಸು ಒಡೆದು ಹರಿಯುತ್ತದೆ.

ಶಿವಯೋಗಿಗಳು ಸಂಸ್ಕೃತವನ್ನು ಬಲ್ಲವರು. ಆದರೂ ವೇದಾಂತದ ಗಹನ ವಿಚಾರಗಳನ್ನು ತ್ರಿಪದಿ, ಸಾಂಗತ್ಯ, ಹಾಡುಗಳಲ್ಲಿ ಬರೆದರು. ‘ಅನುಭವಸಾರ’ವು ತ್ರಿಪದಿಯಲ್ಲಿದೆ; ‘ಪರಮಾನುಭವಬೋಧೆ’ಯು ಸಾಂಗತ್ಯದಲ್ಲಿದೆ. ಓದುಬಾರದವನೂ ಕೇಳಿ ಕಲಿಯಬಹುದಾದ ಮಟ್ಟುಗಳಿವು. ಕೃತಿಗಳಿಗೆ ತಮ್ಮ ಹೆಸರನ್ನು ಹಚ್ಚದೆ ಬೆಟ್ಟದ ದೇವರಾದ ಶಂಭುಲಿಂಗನ ಹೆಸರನ್ನೇ ಅಂಕಿತವಾಗಿಸಿಕೊಂಡರು. ಒಡೆತನದ ಕೊನೆಯ ಎಳೆಯೂ ಅಲ್ಲಿಗೆ ಹರಿಯಿತೆನ್ನಬೇಕು.

ಅವರು ತೋರಿದ ಹಾದಿಯಲ್ಲಿ ಕೊಳ್ಳೇಗಾಲದ ಮುಪ್ಪಿನ ಷಡಕ್ಷರಿಗಳು, ಬೆಂಗಳೂರಿನ ಸರ್ಪಭೂಷಣ ಶಿವಯೋಗಿಗಳು ಹಾಡುಗಳನ್ನು ರಚಿಸಿದರು. ಹುಬ್ಬಳ್ಳಿಯ ಸಿದ್ಧಾರೂಢರು ತಮ್ಮ ಮಠದಲ್ಲಿ ನಿಜಗುಣರ ಶಾಸ್ತ್ರವನ್ನು ಬೋಧಿಸಿದರು. ಹಳ್ಳಿಯ ಭಜನೆಯಲ್ಲಿ ಇಂದಿಗೂ ಕೈವಲ್ಯದ ಹಾಡುಗಳು ಕೇಳಿಬರುತ್ತವೆ. ದಿನವೆಲ್ಲ ಗದ್ದೆಯಲ್ಲಿ ದುಡಿದವನು ರಾತ್ರಿ ಗುಡಿಯ ಜಗುಲಿಯ ಮೇಲೆ ಕುಳಿತು ಏಕತಾರಿಯನ್ನು ಮೀಟುತ್ತಾನೆ. ಹಾಡು ಮುಗಿಯುವವರೆಗೆ ಅವನಿಗೆ ಸಾಲದ ನೆನಪೂ ಬರುವುದಿಲ್ಲ, ನಾಳೆಯ ನೆನಪೂ ಬರುವುದಿಲ್ಲ.